ಅತ್ತೆಯ ಬೈಕಿಗೆ ಬೇರು ಚಿಕಿತ್ಸೆ

ಅತ್ತೆ ಮನೆ ಬಿಟ್ಟು ಹೋಗುತ್ತಾರೆ ಎಂದರೆ ಮೇಲೆ ಅಳುಮೋರೆ ಹಾಕಿಕೊಂಡು ಒಳಗೊಳಗೇ ಸಕ್ಕರೆ ಮುಕ್ಕುವ ಅಳಿಯಂದಿರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಹಲ್ಲು ಡಾಕ್ಟರದು ಉಲ್ಟಾ ಕತೆ. ಅವರ ಅತ್ತೆ ಇನ್ನೊಂದು ಮದುವೆಯ ಮಾತೆತ್ತಿದ ದಿನ ಡಾಕ್ಟರ ಬಾಯಲ್ಲಿದ್ದ ಬ್ರೆಡ್ಡು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಮನೆಯ ಮುಂದಿನ ಕೋಣೆಯೇ ಡಾಕ್ಟರ ಕ್ಲಿನಿಕ್ಕು. ಹಿಂದೆ ಅಂಗಳಕ್ಕೆ ತೆರೆದುಕೊಳ್ಳುವ ಕೋಣೆಯಲ್ಲಿ ಅತ್ತೆ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದರು. ಅರವತ್ತು ದಾಟಿದ್ದರೂ ಸೂಜಿಗೆ ಕನ್ನಡಕವಿಲ್ಲದೆ ದಾರ ಪೋಣಿಸುವ ಹೆಂಗಸು. ಅಳಿಯನ ಬಿಳಿ ಕೋಟುಗಳನ್ನೆಲ್ಲ ಅವರೇ ಹೊಲಿದದ್ದು, ಹೊಟ್ಟೆ ಬೆಳೆದ ಹಾಗೆಲ್ಲ ಒಂದು ಮಾತೂ ಆಡದೆ ಬಿಚ್ಚಿ ಅಗಲ ಮಾಡಿಕೊಟ್ಟದ್ದೂ ಅವರೇ. ಕೆಲಸವಿಲ್ಲದ ಹೊತ್ತಲ್ಲಿ ಗುಂಡಿ ಡಬ್ಬಿ ಹಿಡಿದು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು, ನಡುಗುತ್ತಿದ್ದ ರೋಗಿಗಳಿಗೆ ಧೈರ್ಯ ತುಂಬುತ್ತಿದ್ದರು. "ಹೆದರ್ಬೇಡಿ. ನಮ್ಮ ಅಳಿಯಂದ್ರು ಇದುವರೆಗೆ ಯಾರನ್ನೂ ಕೊಂದಿಲ್ಲ. ನಮ್ಮ ಯಜಮಾನ್ರು ಹೋಗಿದ್ದು ಹೃದಯದಿಂದ, ಹಲ್ಲಿಂದಲ್ಲ." ಇಷ್ಟು ಕೇಳಿದ ಮೇಲೆ ಕೆಲವರು ಎದ್ದು ಹೋದದ್ದುಂಟು. ಉಳಿದವರು ನಗುತ್ತ ಒಳಗೆ ಬರುತ್ತಿದ್ದರು. ನಗುವ ಬಾಯಿ ತೆರೆದೇ ಇರುತ್ತದೆ. ಹಲ್ಲು ಡಾಕ್ಟರಿಗೆ ಇನ್ನೇನು ಬೇಕು?

ಮದುವೆಯ ಪ್ರಸ್ತಾಪ ಬಂದದ್ದು ಹರಿದ ಪ್ಯಾಂಟಿನ ಮೂಲಕ. ಮೂರು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಒಬ್ಬರು ಈ ಊರಿಗೆ ತಂಗಿಯ ಮಗಳ ಮದುವೆಗೆ ಬಂದಿದ್ದರು. ಗುಂಪು ಫೋಟೋ ತೆಗೆಯಲೆಂದು ಕುಕ್ಕರಗಾಲಲ್ಲಿ ಕೂತಾಗ ಹಿಂಬದಿಯ ಹೊಲಿಗೆ ಪರ್ರೆಂದು ಬಿಟ್ಟುಕೊಂಡಿತು. ಯಾರೋ ಅವರನ್ನು ಕರೆತಂದು ಅತ್ತೆಯ ಕೋಣೆಗೆ ಬಿಟ್ಟರು. ಅವರು ಪರದೆಯ ಆಚೆ ಮೇಜಿನ ಬಟ್ಟೆ ಸುತ್ತಿಕೊಂಡು ಕೂತರು, ಇವರು ಈಚೆ ಪ್ಯಾಂಟು ಹೊಲಿದರು. ಹತ್ತು ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಫೋನು. ಪ್ಯಾಂಟಿಲ್ಲದೆ ಶುರುವಾದ ಸ್ನೇಹಕ್ಕೆ ಮುಚ್ಚುಮರೆ ಯಾಕೆ ಅಂತ ಅತ್ತೆ ಯಾರ ಎದುರಿಗಾದರೂ ಜೋರಾಗೇ ಮಾತಾಡುತ್ತಿದ್ದರು.

"ಭಾನುವಾರ ಅವರ ಊರಿಗೆ ಹೋಗ್ತೀನಿ," ಅಂದರು ಅತ್ತೆ ಆ ದಿನ ತಿಂಡಿಯ ಹೊತ್ತಿಗೆ. "ಮದುವೆ ಆಗೋಣ್ವಾ ಅಂತ ಕೇಳಿದಾರೆ. ಮನೆ ನೋಡಿ, ಎದುರಿಗೇ ಕೂತು ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಹೇಳಿ ಬರ್ತೀನಿ."

ಡಾಕ್ಟರ ಹೆಂಡತಿಗೆ ಅಗ್ನಿಶಾಮಕ ಠಾಣೆಯಲ್ಲಿ ಫೋನ್ ಎತ್ತುವ ಕೆಲಸ. ಊರಿಗೆ ಊರೇ ಹೊತ್ತಿ ಉರಿದರೂ ಅವಳ ದನಿ ಏರುವುದಿಲ್ಲ. "ಬಸ್ಸಲ್ಲಿ ಹೋಗ್ತೀಯೇನಮ್ಮಾ?" ಅಂತಷ್ಟೇ ಕೇಳಿದಳು.

"ಬಸ್ಸಲ್ಲಿ ಹೋದ್ರೆ ವಾಪಸ್ ಬಸ್ಸಿನ ಟೈಮ್ ನೋಡ್ಕೊಂಡು ಉತ್ತರ ಕೊಡ್ಬೇಕಾಗುತ್ತೆ. ಬೈಕಾದ್ರೆ, ಬೇಡ ಅನ್ಸಿದ ನಿಮಿಷಕ್ಕೆ ಕಿಕ್ ಹೊಡೀಬಹುದು."

ಆಗ ಡಾಕ್ಟರು, ಗಂಟಲಲ್ಲಿ ಬ್ರೆಡ್ಡು ಸಿಕ್ಕಿದ್ದ ಕಾರಣವೋ ಏನೋ, ಮನಸ್ಸಲ್ಲಿದ್ದದ್ದನ್ನು ಬಿಟ್ಟು ಬೇರೇನೋ ಅಂದರು. "ಅಲ್ಲ ಅತ್ತೆ, ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಂತ."

ಅತ್ತೆ ಚಹಾದ ಲೋಟ ಕೆಳಗಿಟ್ಟರು. "ಹಲ್ಲು ಹೋದ ಮೇಲೆ ಕಡಲೆ ಸಿಕ್ತು ಅಂತೀರಾ ಅಳಿಯಂದ್ರೇ? ನನ್ನ ಹಲ್ಲು ನಿಮಗೆ ಗೊತ್ತಿಲ್ದಿರೋದಾ. ಒಂದೂ ಅಲ್ಲಾಡಿಲ್ಲ."

ಅಷ್ಟು ಹೇಳಿ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಹೊಲಿಗೆ ಮೆಷಿನ್ನಿನ ಸದ್ದು ಶುರುವಾಯಿತು, ಎಂದಿಗಿಂತ ಜೋರಾಗಿ. ಹೆಂಡತಿ ಗಂಡನ ಕಡೆ ನೋಡಿ, "ನಾಲಿಗೆಗೂ ಒಂದು ಕ್ಲಿಪ್ ಹಾಕ್ಕೊಳ್ರೀ," ಅಂತ ಹೇಳಿ ಕೆಲಸಕ್ಕೆ ಹೊರಟಳು.

ಆಡಿದ ಮಾತು ವಾಪಸ್ ಬರುವುದಿಲ್ಲವಲ್ಲ. ಪ್ರಾಯಶ್ಚಿತ್ತಕ್ಕೆ ಏನು ಮಾಡಲಿ ಅಂತ ಎರಡು ದಿನ ಯೋಚಿಸಿದ ಡಾಕ್ಟರಿಗೆ ಹೊಳೆದದ್ದು ಬೈಕು. ಅದು ಒಂದೇ ಸಿಲಿಂಡರಿನ, ಹಳೆಯ, ಭಾರದ ಬೈಕು. ಅತ್ತೆ ಸ್ವಂತ ದುಡಿಮೆಯಲ್ಲಿ ಕೊಂಡದ್ದು. ಮಾವನವರು ಬದುಕಿದ್ದಾಗ ಒಮ್ಮೆ ಮಾತ್ರ ಅದರ ಹಿಂದೆ ಕೂತಿದ್ದರಂತೆ. ಇಳಿದವರೇ ಸೀದಾ ವಕೀಲರ ಹತ್ತಿರ ಹೋಗಿ ಉಯಿಲು ಬರೆಸಿದರಂತೆ. ಈಚೆಗೆ ಎಂಜಿನ್ನಿನ ತಲೆಯೊಳಗಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತಿತ್ತು. ವಾಲ್ವಿನ ಸಂದು ಜಾಸ್ತಿಯಾಗಿದೆ, ಟ್ಯಾಪೆಟ್ ಸೆಟ್ ಮಾಡಬೇಕು ಅಂತ ಅತ್ತೆಯೇ ಹೇಳಿದ್ದರು. ಆದರೆ ಅವರ ಮೆಕ್ಯಾನಿಕ್ಕು ಮಗಳ ಹೆರಿಗೆಗೆಂದು ಗ್ಯಾರೇಜಿಗೆ ಬೀಗ ಹಾಕಿ ಹೋಗಿದ್ದ.

"ನಾನು ಮಾಡಿಕೊಡ್ತೀನಿ ಅತ್ತೆ," ಅಂದರು ಡಾಕ್ಟರು.

"ನಿಮಗೆ ಬರುತ್ತಾ?"

"ವಿಡಿಯೋ ನೋಡಿದೀನಿ. ಕೂದಲೆಳೆಯಷ್ಟು ಸಂದು ನೋಡಿ ತಿರುಪು ತಿರುಗಿಸೋ ಕೆಲಸ. ನಾನು ದಿನಾ ಮಾಡೋದು ಇನ್ನೇನು?"

ಅತ್ತೆ ಒಂದು ಕ್ಷಣ ಅವರ ಮುಖ ನೋಡಿ ಬೈಕಿನ ಕೀ ಕೊಟ್ಟರು. ಅದು ರಾಜಿಯ ಗುರುತು ಅಂತ ಡಾಕ್ಟರು ತಿಳಿದರು.

ಶನಿವಾರ ಮಧ್ಯಾಹ್ನ ಕ್ಲಿನಿಕ್ ಮುಚ್ಚಿ, ಹಳೇ ಚಾಪೆ ಹಾಸಿ, ಅಂಗಳದಲ್ಲಿ ಕೂತರು. ನಾಲ್ಕು ಬೋಲ್ಟ್ ಬಿಚ್ಚಿ ತಲೆಯ ಮೇಲಿನ ಮುಚ್ಚಳ ತೆಗೆದರು. ಒಳಗೆ ಎಣ್ಣೆಯಲ್ಲಿ ಮಿಂದ ಎರಡು ಪುಟ್ಟ ಸುತ್ತಿಗೆಗಳು, ಒಂದೊಂದರ ತುದಿಗೂ ಒಂದು ತಿರುಪು, ಒಂದು ಬಿಗಿ ನಟ್ಟು. ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ ತೂರಿಸಿ, ತಿರುಪು ತಿರುಗಿಸಿ, ಪಟ್ಟಿ ಎಳೆದಾಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಚೂರೇ ಚೂರು ಹಿಡಿತ ಸಿಗುವಂತೆ ಮಾಡಿ, ನಟ್ಟು ಬಿಗಿದರು. ಎರಡೂ ವಾಲ್ವು ಮೊದಲ ಸಲಕ್ಕೇ ಸರಿಯಾದವು. ಸುಳ್ಳು ಹೇಳಬಾರದು, ಕೆಲಸ ಮಾತ್ರ ಅಚ್ಚುಕಟ್ಟಾಗಿತ್ತು. ಡಾಕ್ಟರು ಸೀಟಿ ಹೊಡೆಯುತ್ತ ಮುಚ್ಚಳ ಕೂರಿಸಿ ಬೋಲ್ಟ್ ಬಿಗಿಯತೊಡಗಿದರು. ಒಂದು, ಎರಡು, ಮೂರು. ನಾಲ್ಕನೆಯದೂ ಬಿಗಿಯಾಯಿತು. ಅಲ್ಲಿಗೆ ಪಾನಾ ಕೆಳಗಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಎಣ್ಣೆ ಸೋರಿದರೆ ಅತ್ತೆಗೆ ದಾರಿಯಲ್ಲಿ ತೊಂದರೆ, ಇನ್ನೊಂದು ಚೂರು ಇರಲಿ ಅಂತ ಒತ್ತಿದರು.

ಟಕ್.

ಆ ಸದ್ದು ಡಾಕ್ಟರಿಗೆ ಚೆನ್ನಾಗಿ ಗೊತ್ತು. ಕೀಳುವಾಗ ಹಲ್ಲಿನ ತಲೆ ಮುರಿದು ಇಕ್ಕಳದಲ್ಲಿ ಬಂದು, ಬೇರು ದವಡೆಯಲ್ಲೇ ಉಳಿದಾಗ ಬರುವ ಸದ್ದು. ಹಲ್ಲಾದರೆ ರೋಗಿ ಕಣ್ಣು ಮುಚ್ಚಿರುತ್ತಾನೆ. ಇಲ್ಲಿ ಬೋಲ್ಟಿನ ತಲೆ ಪಾನಾದೊಳಗೆ ಕೂತು ಇವರನ್ನೇ ನೋಡುತ್ತಿತ್ತು. ಬುಡ ಎಂಜಿನ್ನಿನ ತಲೆಯೊಳಗೆ, ತೂತಿನಲ್ಲಿ ಆಳವಾಗಿ ಉಳಿದಿತ್ತು. ಒಂದು ಮೂಲೆ ಬಿಗಿಯಿಲ್ಲದಿದ್ದರೆ ಆ ಕಡೆಯಿಂದ ಎಣ್ಣೆ ಚಿಮ್ಮುವುದು ಖಂಡಿತ. ಅಂಥ ಬೈಕಿನಲ್ಲಿ ಮೂರು ಗಂಟೆ ಪ್ರಯಾಣ ಅಂದರೆ, ಕಾಲಿನ ಮೇಲೆ ಬಿಸಿ ಎಣ್ಣೆ ಸುರಿಸಿಕೊಳ್ಳುತ್ತ ಹೋಗಬೇಕಷ್ಟೆ.

ಡಾಕ್ಟರು ಹೆಂಡತಿಗೆ ಫೋನ್ ಮಾಡಿದರು.

"ಅಗ್ನಿಶಾಮಕ ಠಾಣೆ. ಎಲ್ಲಿ, ಏನಾಗಿದೆ?"

"ನಾನೇ ಕಣೇ. ಬೋಲ್ಟ್ ಮುರೀತು."

"ಯಾರಿಗಾದ್ರೂ ಪೆಟ್ಟಾಗಿದೆಯಾ?"

"ಇಲ್ಲ. ನಿಮ್ಮಮ್ಮನ ಬೈಕಿಂದು. ಬುಡ ಒಳಗೇ ಉಳೀತು."

ಆಚೆ ಪೆನ್ನು ಕೆಳಗಿಟ್ಟ ಸದ್ದು. ಆಮೇಲೆ ಅದೇ ತಣ್ಣನೆಯ ದನಿಯಲ್ಲಿ, "ರೀ, ಒಂದು ಕೇಳ್ತೀನಿ, ನಿಜ ಹೇಳಿ. ಬೇಕಂತಲೇ ಮಾಡಿದ್ರಾ?"

"ಏನು?"

"ಗುರುವಾರ ಅಮ್ಮನಿಗೆ ಹಾಗಂದ್ರಿ. ಇವತ್ತು ಬೈಕ್ ಮುರಿದ್ರಿ. ನಾನೊಬ್ಳೇ ಅಲ್ಲ, ಯಾರು ಕೇಳಿದ್ರೂ ಅದನ್ನೇ ಅಂದ್ಕೊಳ್ತಾರೆ. ಬೇರೆ ಲೈನ್ ಬರ್ತಿದೆ, ಇಡ್ತೀನಿ."

ಡಾಕ್ಟರಿಗೆ ಬೋಲ್ಟ್ ಮುರಿದದ್ದಕ್ಕಿಂತ ಇದು ದೊಡ್ಡ ಆಪತ್ತು ಅಂತ ಆಗ ತಿಳಿಯಿತು. ಲೇತ್ ಅಂಗಡಿಗೆ ಫೋನ್ ಮಾಡಿದರೆ, "ಎಂಜಿನ್ ಬಿಚ್ಚಿ ತಲೆ ತಗೊಂಡ್ಬನ್ನಿ, ಮುಂದಿನ ವಾರ ನೋಡೋಣ," ಅಂದರು. ಮುಂದಿನ ವಾರದ ಮಾತು ಯಾರಿಗೆ ಬೇಕಿತ್ತು? ಹಾರ್ಡ್‌ವೇರ್ ಅಂಗಡಿಗೆ ಓಡಿ, ಮುರಿದ ಬೋಲ್ಟ್ ಕೀಳಲೆಂದೇ ಮಾಡಿದ, ಎಡಕ್ಕೆ ತಿರುಚಿದ ಉಕ್ಕಿನ ಮೊಳೆ ತಂದರು. ಬೋಲ್ಟಿನ ಬುಡಕ್ಕೆ ಸಣ್ಣ ತೂತು ಕೊರೆದು, ಮೊಳೆ ತೂರಿಸಿ, ಎಡಕ್ಕೆ ತಿರುಗಿಸಿದರು. ಬೋಲ್ಟು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಇನ್ನೊಂದು ಚೂರು ಒತ್ತಿದರು.

ಮೊಳೆಯೂ ಮುರಿಯಿತು.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಅಂದರೆ ಇದೇ. ಬೋಲ್ಟಾದರೂ ಮೆತ್ತನೆಯ ಲೋಹ. ಈ ಮೊಳೆ ಕಡುಗಟ್ಟಿ ಉಕ್ಕು. ಮಾಮೂಲಿ ಡ್ರಿಲ್ಲು ಅದರ ಮೇಲೆ ಜಾರುತ್ತಿತ್ತೇ ಹೊರತು ಒಂದು ಗೀರೂ ಬೀಳಲಿಲ್ಲ. ಡಾಕ್ಟರು ತಲೆಯ ಮೇಲೆ ಕೈ ಹೊತ್ತು ಚಾಪೆಯ ಮೇಲೆ ಕೂತಿದ್ದಾಗ ಹಿಂದೆ ಅತ್ತೆ ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಬಗ್ಗಿ ತೂತಿನೊಳಗೆ ನೋಡಿದರು.

"ಎರಡೆರಡು ಮುರಿದಿದೀರ," ಅಂದರು.

"ಅತ್ತೆ, ಅದು..."

"ಹೋಗ್ಬೇಡಿ ಅಂತ ಬಾಯಿ ಬಿಟ್ಟು ಹೇಳ್ಬಹುದಿತ್ತು ಅಳಿಯಂದ್ರೇ. ಪಾಪ, ಬೈಕ್ ಏನ್ ಮಾಡಿತ್ತು?"

ಒಳಗೆ ಹೋಗಿ ಸ್ಟುಡಿಯೋದವರಿಗೆ ಫೋನ್ ಮಾಡಿದರು. ಅಂಗಳಕ್ಕೆ ಮಾತು ಕೇಳುತ್ತಿತ್ತು. "ನಾಳೆ ಬರಕ್ಕಾಗಲ್ಲ. ಬೈಕ್ ಕೆಟ್ಟಿದೆ... ಇಲ್ಲ, ತಾನಾಗಿ ಕೆಟ್ಟಿದ್ದಲ್ಲ... ನೀವಾ? ಬಸ್ಸಲ್ಲಾ? ಬನ್ನಿ ಹಾಗಾದ್ರೆ. ಗಟ್ಟಿ ಪ್ಯಾಂಟ್ ಹಾಕ್ಕೊಂಡು ಬನ್ನಿ."

ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಅಮ್ಮನಿಗೆ ಬಡಿಸಿದಳು, ತಾನು ಬಡಿಸಿಕೊಂಡಳು, ಪಾತ್ರೆಯನ್ನು ಗಂಡನ ಕಡೆ ಸರಿಸಿದಳು. ಅಳಿಯ ಅಲ್ಲ ಮಗಳ ಗಂಡ ಅಂತಾರಲ್ಲ, ಡಾಕ್ಟರ ಪಾಲಿಗೆ ಆ ಹೊತ್ತು ಎರಡೂ ಪದವಿ ಕಳೆದುಹೋದ ಹಾಗಿತ್ತು.

ಬೆಳಿಗ್ಗೆ ಹಲ್ಲುಜ್ಜುವಾಗ ಉಪಾಯ ಹೊಳೆಯಿತು. ಹಲ್ಲಿನ ಮೇಲ್ಪದರ ಅಂದರೆ ದೇಹದಲ್ಲೇ ಅತಿ ಗಟ್ಟಿ ವಸ್ತು. ಅದನ್ನೇ ಕೊರೆಯುವ, ವಜ್ರದ ಪುಡಿ ಹಚ್ಚಿದ ಮೊನೆಗಳು ತಮ್ಮ ಡ್ರಾಯರಿನಲ್ಲಿ ಪೆಟ್ಟಿಗೆಗಟ್ಟಲೆ ಇರುವಾಗ ಹಾರ್ಡ್‌ವೇರ್ ಅಂಗಡಿಗೆ ಯಾಕೆ ಹೋದೆ ಅಂತ ಬಾಯಲ್ಲಿ ನೊರೆ ಇಟ್ಟುಕೊಂಡೇ ತಮ್ಮನ್ನು ತಾವು ಬೈದುಕೊಂಡರು. ರೋಗಿಗಳಿಗೆ ಬಳಸದೆ ಬದಿಗಿಟ್ಟಿದ್ದ, ಕೊರೆಯುವ ಯಂತ್ರದ ಹಳೆಯ ಹಿಡಿಯೊಂದಿತ್ತು. ತೊಂದರೆ ಒಂದೇ. ಅದಕ್ಕೆ ಗಾಳಿ ಕೊಡುವ ಕೊಳವೆ ಅಂಗಳದವರೆಗೆ ಬರುವುದಿಲ್ಲ. ಬೈಕೇ ಕ್ಲಿನಿಕ್ಕಿಗೆ ಬರಬೇಕು.

ಬಾಗಿಲಿಗಿಂತ ಬೈಕಿನ ಹ್ಯಾಂಡಲ್ಲು ಅಗಲ. ಡಾಕ್ಟರು ಕನ್ನಡಿ ಬಿಚ್ಚಿ, ಹ್ಯಾಂಡಲ್ ಸಡಿಲಿಸಿ ಓರೆ ಮಾಡಿ, ಮೆಟ್ಟಿಲಿಗೆ ಹಲಗೆ ಹಾಕಿ ತಳ್ಳಿದರು. ಅರ್ಧದಲ್ಲಿ ಬೈಕು ಹಿಂದಕ್ಕೆ ಜಾರತೊಡಗಿದಾಗ ಹಿಂದಿನಿಂದ ಒಂದು ಕೈ ಒತ್ತಿ ಹಿಡಿಯಿತು. ಅತ್ತೆ.

"ಏನ್ ಮಾಡ್ತಿದೀರ?"

"ಬೇರು ತೆಗೀತೀನಿ."

ಅತ್ತೆ ಸೆರಗು ಬಿಗಿಮಾಡಿ ತಳ್ಳಿದರು. ಬೈಕು ಒಳಗೆ ಬಂದು ರೋಗಿಯ ಕುರ್ಚಿಯ ಪಕ್ಕದಲ್ಲಿ, ದೀಪದ ಕೆಳಗೆ, ಮುಂದಿನ ಸರದಿ ತನ್ನದೇ ಎಂಬಂತೆ ನಿಂತಿತು.

ಡಾಕ್ಟರು ಅಭ್ಯಾಸಬಲದಿಂದ ಕೈ ತೊಳೆದು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡರು. ಪುಡಿ ಒಳಗೆ ಬೀಳಬಾರದೆಂದು ಎಂಜಿನ್ನಿನ ಬಾಯಿಗೆ ಹತ್ತಿ ತುರುಕಿ, ಹಲ್ಲಿನ ಸುತ್ತ ಕಟ್ಟುವ ಹಸಿರು ರಬ್ಬರ್ ಹಾಳೆ ಹೊದಿಸಿ, ಮುರಿದ ಬೋಲ್ಟಿನ ತೂತು ಮಾತ್ರ ಕಾಣುವ ಹಾಗೆ ಮಾಡಿದರು. ಎಂಜಲು ಹೀರುವ ಕೊಳವೆಯನ್ನು ಅತ್ತೆಯ ಕೈಗೆ ಕೊಟ್ಟರು. "ನಾನು ಕೊರೆದ ಹಾಗೆ ಪುಡಿ, ನೀರು ಎಲ್ಲಾ ಎಳ್ಕೊಳ್ಳಲಿ. ಹತ್ತಿರ ಹಿಡೀರಿ."

ಕೊರೆಯುವ ಯಂತ್ರ ಕೀರಲು ದನಿಯಲ್ಲಿ ಅಳತೊಡಗಿತು. ವಜ್ರದ ಮೊನೆ ತಾಗಿದ್ದೇ ತಡ ಉಕ್ಕು ಬೂದು ಬಣ್ಣದ ಪುಡಿಯಾಗಿ ನೀರಲ್ಲಿ ಕರಗಿ ಹೋಯಿತು. ಸ್ವಲ್ಪ ಕೊರೆದು, ನಿಲ್ಲಿಸಿ, ಪುಟ್ಟ ಕನ್ನಡಿಯಲ್ಲಿ ನೋಡಿ, ಮತ್ತೆ ಕೊರೆಯಬೇಕು. ಮೊನೆ ಸವೆದರೆ ಬದಲಿಸಬೇಕು. ಬೋಲ್ಟಿನ ಸುತ್ತಲಿನ ಮೆತ್ತನೆಯ ಅಲ್ಯೂಮಿನಿಯಂ ಗೋಡೆಗೆ ತಾಗಿದರೆ ಕೆಲಸ ಕೆಟ್ಟಿತು.

ಮೂರನೆಯ ಮೊನೆ ಬದಲಿಸುವಾಗ ಅತ್ತೆ ಕೇಳಿದರು. "ಬೇಕಂತಲೇ ಮುರಿದ್ರಾ?"

ಡಾಕ್ಟರು ಮಾಸ್ಕ್ ಕೆಳಗೆಳೆದರು. "ಬೇಕಂತ ಮುರಿಯೋದಾಗಿದ್ರೆ ಇಷ್ಟು ದಡ್ಡನ ಹಾಗೆ ಮುರೀತಿರ್ಲಿಲ್ಲ ಅತ್ತೆ. ಟ್ಯಾಂಕಿಗೆ ಸಕ್ಕರೆ ಹಾಕ್ತಿದ್ದೆ. ಸಂಜೆ ಹೊತ್ತಿಗೆ ಮುಗೀತಿತ್ತು."

"ಮತ್ತೆ?"

"ನಿಮ್ಮ ಮೇಲಿನ ಕಾಳಜಿಗೆ ಒಂದು ಚೂರು ಜಾಸ್ತಿ ಬಿಗಿದೆ. ಅಷ್ಟೇ." ಸುಮ್ಮನಿರಬಹುದಿತ್ತು. ಆದರೆ ಬಾಯಿ ತೆರೆದ ಮೇಲೆ ಎಲ್ಲ ಹುಳುಕೂ ಕಾಣುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. "ಆದ್ರೆ ಮುರಿದಾಗ... ಒಂದು ನಿಮಿಷ ಖುಷಿ ಆಯ್ತು. ನಾಳೆ ಇವರು ಹೋಗಲ್ಲ ಅಂತ. ಅದೂ ನಿಜ."

ಅತ್ತೆ ಕೊಳವೆ ಹಿಡಿದುಕೊಂಡೇ ಇದ್ದರು. ಅದು ಗಾಳಿ ಹೀರುತ್ತ ಗೊರ ಗೊರ ಅನ್ನುತ್ತಿತ್ತು.

"ಮಗಳು ಹೋಗ್ಬೇಡ ಅಂತಾಳೇನೋ ಅಂದ್ಕೊಂಡಿದ್ದೆ," ಅಂದರು ಕೊನೆಗೆ. "ಅವಳು ಟವೆಲ್ಲು, ಸೋಪು, ಗಾಯದ ಪಟ್ಟಿ ಎಲ್ಲಾ ಚೀಲಕ್ಕೆ ತುಂಬಿ ಇಟ್ಟಿದಾಳೆ. ನೀವು ನೋಡಿದ್ರೆ ಹೀಗೆ. ಅಲ್ಲಾ, ನಾನು ಹೋದ್ರೆ ನಿಮಗೆ ಕಷ್ಟ ಏನು? ಕೋಟು ಹೊಲಿಯೋಕೆ ಬೇರೆ ದರ್ಜಿ ಇಲ್ವಾ?"

"ಕೋಟಿನ ಮಾತಲ್ಲ ಅತ್ತೆ. ಬೆಂಚಿನ ಮೇಲೆ ಯಾರಿರ್ತಾರೆ? ನನ್ನ ಜೋಕಿಗೆ ಈ ಮನೇಲಿ ನಗೋರು ನೀವೊಬ್ರೇ."

"ನಿಮ್ಮ ಜೋಕಿಗೆ ನಾನು ಯಾವತ್ತೂ ನಕ್ಕಿಲ್ಲ ಅಳಿಯಂದ್ರೇ. ಜೋಕ್ ಹೇಳೋಕೆ ಮುಂಚೆ ನೀವೇ ನಗ್ತೀರಲ್ಲ, ಅದನ್ನ ನೋಡಿ ನಗು ಬರೋದು," ಅಂದ ಅತ್ತೆ ಕೊಳವೆಯ ತುದಿಯನ್ನು ಮತ್ತೆ ತೂತಿನ ಹತ್ತಿರ ತಂದರು. "ಕೊರೀರಿ. ಹೊತ್ತಾಗ್ತಿದೆ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬೇಕರಿಯವನು ಬಂದ. ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು. ಭಾನುವಾರವಾದರೂ ನೋವು ತಡೆಯಲಾರದೆ ಬಂದಿದ್ದ. ಕುರ್ಚಿಯ ಪಕ್ಕ ಹಸಿರು ಹಾಳೆ ಹೊದ್ದು ನಿಂತ ಬೈಕು, ಅದರ ತಲೆಯೊಳಗೆ ಕೊರೆಯುತ್ತಿರುವ ಡಾಕ್ಟರು, ಎಂಜಲು ಕೊಳವೆ ಹಿಡಿದ ಅವರ ಅತ್ತೆ. ಬೇಕರಿಯವನು ಒಂದು ಹೆಜ್ಜೆ ಹಿಂದಿಟ್ಟ.

"ಕೂತಿರಿ," ಅಂದರು ಡಾಕ್ಟರು ತಲೆಯೆತ್ತದೆ. "ಇದು ನಿಮಗಿಂತ ಮೊದಲು ಬಂದಿದ್ದು."

"ನನಗೂ ಅದ್ರಲ್ಲೇ ಕೊರೀತೀರಾ?"

"ನಿಮಗೆ ಬೇರೆ ಇದೆ. ಹೊಸದು."

ಬೇಕರಿಯವನು ನಂಬಿಯೂ ನಂಬದ ಹಾಗೆ ಬೆಂಚಿನ ತುದಿಯಲ್ಲಿ ಕೂತ. ಅವನ ಹಿಂದೆಯೇ, ಬಸ್ಸಿನ ಧೂಳು ಕೊಡವಿಕೊಳ್ಳುತ್ತ, ತಲೆಬಾಗಿಲಿಗೆ ಹಣೆ ತಾಗುವಷ್ಟು ಉದ್ದದ ತೆಳ್ಳನೆಯ ಮನುಷ್ಯರೊಬ್ಬರು ಬಂದರು. ಸ್ಟುಡಿಯೋದವರು. ಡಾಕ್ಟರು ಅವರನ್ನು ನೋಡುತ್ತಿದ್ದದ್ದು ಅದೇ ಮೊದಲು. ಮೊದಲು ಕಂಡದ್ದು ಹಲ್ಲು. ಮೇಲಿನ ಸಾಲು ಸ್ವಲ್ಪ ಮುಂದೆ, ಆದರೆ ಸ್ವಂತದ್ದು. ಛೇ, ಅದರಲ್ಲೂ ತಪ್ಪು ಹುಡುಕುವಂತಿರಲಿಲ್ಲ.

"ನಮಸ್ಕಾರ. ನಾನು ಬಂದದ್ದು ಹೊತ್ತಲ್ಲದ ಹೊತ್ತೇನೋ," ಅಂದರು ಸ್ಟುಡಿಯೋದವರು.

"ಇಲ್ಲ, ಬನ್ನಿ. ಅದರ ಮೇಲೆ ಕೂತ್ಕೊಳ್ಳಿ," ಅಂತ ಅತ್ತೆ ರೋಗಿಯ ಕುರ್ಚಿ ತೋರಿಸಿದರು. ಬೇರೆ ಜಾಗವಿರಲಿಲ್ಲ. ಅವರು ಹತ್ತಿ ಒರಗಿದರು. ಅಲ್ಲಿಂದ ಬೈಕಿನ ತಲೆ ಅವರ ಮೂಗಿನ ಪಕ್ಕಕ್ಕೇ ಬಂತು. ಸ್ವಲ್ಪ ಹೊತ್ತು ನೋಡಿದರು. ಕೈ ತಡೆಯಲಿಲ್ಲ. "ತಪ್ಪು ತಿಳೀಬೇಡಿ ಡಾಕ್ಟ್ರೇ. ನಿಮ್ಮ ನೆರಳೇ ತೂತಿನ ಮೇಲೆ ಬೀಳ್ತಿದೆ. ದೀಪ ಎಡಗಡೆಯಿಂದ, ಸ್ವಲ್ಪ ಕೆಳಗಿಂದ ಬರಲಿ." ಅಂದವರೇ ದೀಪದ ತೋಳು ಹಿಡಿದು ತಿರುಗಿಸಿದರು. ತೂತಿನ ತಳದವರೆಗೆ ಬೆಳಕು ಬಿತ್ತು. ಬೋಲ್ಟಿನ ಬುಡ ಈಗ ಬರೀ ತೆಳು ಚಿಪ್ಪಾಗಿ ಗೋಡೆಗೆ ಅಂಟಿಕೊಂಡಿದ್ದದ್ದು ಕಂಡಿತು. ಡಾಕ್ಟರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಬೇರು ಎಬ್ಬಿಸುವ ಸಣ್ಣ ಉಳಿ ತೆಗೆದುಕೊಂಡು ಚಿಪ್ಪಿನ ಅಂಚನ್ನು ಒಳಕ್ಕೆ ಮಡಚಿದರು. ಒಂದು ಕಡೆ ಬಿಟ್ಟುಕೊಂಡಿತು. ಇನ್ನೊಂದು ಕಡೆ ಒತ್ತಿದರು, ಈ ಸಲ "ಇನ್ನೊಂದು ಚೂರು" ಅನ್ನಲಿಲ್ಲ. ಚಿಪ್ಪು ಸುರುಳಿಯಾಗಿ ಇಕ್ಕಳಕ್ಕೆ ಬಂತು. ಅದನ್ನು ಟ್ರೇಗೆ ಹಾಕಿದಾಗ ಟಣ್ ಅಂದ ಸದ್ದಿಗೆ ಬೇಕರಿಯವನು ಕೆನ್ನೆ ಮುಟ್ಟಿಕೊಂಡ.

"ಬಂತಾ?" ಅಂದರು ಅತ್ತೆ.

"ಬೇರು ಸಮೇತ."

ತೂತಿನಲ್ಲಿ ಬೋಲ್ಟು ಕಚ್ಚುವ ಥ್ರೆಡ್ಡು ಮೇಲಿನ ಎರಡು ಸುತ್ತು ಸವೆದಿತ್ತು, ಕೆಳಗಿನದು ಚೆನ್ನಾಗಿತ್ತು. ಹಳೆಯದಕ್ಕಿಂತ ಸ್ವಲ್ಪ ಉದ್ದದ ಬೋಲ್ಟಿದ್ದರೆ ಸಾಕು. ಭಾನುವಾರ ಅಂಗಡಿ ಎಲ್ಲಿ ತೆರೆದಿರುತ್ತದೆ? ಡಾಕ್ಟರು ಸುತ್ತ ಕಣ್ಣಾಡಿಸಿ, ರೋಗಿಯ ಕುರ್ಚಿಯಲ್ಲಿ ಕಾಲಿಡುವ ಹಲಗೆಯ ಬೋಲ್ಟು ಬಿಚ್ಚಿ ತಿರುಗಿಸಿ ನೋಡಿದರು. ಅಳತೆ ಸರಿಹೋಯಿತು. ಹಲಗೆ ಧಡಾರನೆ ಬಿದ್ದು ಸ್ಟುಡಿಯೋದವರ ಉದ್ದನೆಯ ಕಾಲುಗಳು ಗಾಳಿಯಲ್ಲಿ ನೇತಾಡಿದವು. ಅವರು ಏನೂ ಆಗದ ಹಾಗೆ ಹಾಗೇ ಒರಗಿದ್ದರು. ಹತ್ತಿ ತೆಗೆದು, ಒಳಗೆಲ್ಲ ಒರೆಸಿ, ಮುಚ್ಚಳ ಕೂರಿಸಿ, ನಾಲ್ಕೂ ಬೋಲ್ಟುಗಳನ್ನು ಎರಡು ಬೆರಳಿನ ಬಲದಲ್ಲಿ ಬಿಗಿದರು. ಅತ್ತೆ ಪಾನಾ ಕಿತ್ತುಕೊಂಡು, "ಸಾಕು. ಇನ್ನು ಮುಟ್ಟಬೇಡಿ," ಅಂದರು.

ಬೇಕರಿಯವನೂ ಸೇರಿ ಎಲ್ಲರೂ ಬೈಕನ್ನು ಹೊರಗೆ ತಳ್ಳಿದರು. ಕನ್ನಡಿ ಹಾಕಿ, ಹ್ಯಾಂಡಲ್ ನೇರ ಮಾಡಿ ಬಿಗಿದದ್ದಾಯಿತು. ಅತ್ತೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿದರು. ಟಿಕ್ ಟಿಕ್ ಇಲ್ಲ. ಮೂಲೆಯಲ್ಲಿ ಎಣ್ಣೆ ಇಲ್ಲ. ಡಾಕ್ಟರು ಬಗ್ಗಿ ಬೆರಳಾಡಿಸಿ ನೋಡಿದರು, ಒಣಗಿತ್ತು. ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಅವರಿಗೇ ತುಸು ಬೇಜಾರಾಯಿತು.

"ಈಗ ಹೊರಟ್ರೆ ಮಧ್ಯಾಹ್ನಕ್ಕೆ ತಲುಪ್ತೀವಿ," ಅಂದರು ಅತ್ತೆ. ಚೀಲ ತಂದು, ಹಿಂದಿನ ಸೀಟು ಹತ್ತಿ ಕೂತ ಸ್ಟುಡಿಯೋದವರ ತೊಡೆಯ ಮೇಲಿಟ್ಟರು. "ಮನೆ ನೋಡ್ಬೇಕು ಅಂದಿದ್ದೆನಲ್ಲ. ಗಟ್ಟಿಯಾಗಿ ಹಿಡ್ಕೊಳ್ಳಿ."

"ಎಲ್ಲಿ ಹಿಡ್ಕೊಳ್ಳಲಿ?"

"ಅದೂ ನಾನೇ ಹೇಳ್ಬೇಕಾ?"

ಡಾಕ್ಟರು ಮುಖ ಆಚೆ ತಿರುಗಿಸಿದರು. ಬೈಕು ಬೀದಿಯ ತಿರುವು ದಾಟಿತು. ಸದ್ದು ನಿಂತ ಮೇಲೂ ಅವರು ಅಲ್ಲೇ ನಿಂತಿದ್ದರು. ಬೇಕರಿಯವನು ಬಂದು, "ಡಾಕ್ಟ್ರೇ, ನನ್ನ ಹಲ್ಲು," ಅಂದ ಮೇಲೆ ಒಳಗೆ ಹೋದರು. ಕಾಲಿಡುವ ಹಲಗೆ ಇಲ್ಲದ ಕುರ್ಚಿಯಲ್ಲಿ ಅವನ ಕಾಲಿಗೆ ಸ್ಟೂಲು ಕೊಟ್ಟು, ಹಲ್ಲು ತೆಗೆದರು. ಅದೂ ಬೇರು ಸಮೇತ ಬಂತು.

ಸಂಜೆ ಫೋನ್ ಬಂತು. ಹೆಂಡತಿ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಳು. ಡಾಕ್ಟರು ಫೋನ್ ಎತ್ತಿ ಮೊದಲು ಕೇಳಿದ್ದು, "ಎಣ್ಣೆ ಸೋರ್ತಾ?" ಅಂತ.

"ಒಂದು ತೊಟ್ಟೂ ಇಲ್ಲ," ಅಂದರು ಅತ್ತೆ. "ಎಂಜಿನ್ ಹೂವಿನ ಹಾಗಿದೆ. ಆದ್ರೆ ಹಾರ್ನ್ ಹೋಗಿದೆ ಅಳಿಯಂದ್ರೇ. ಹ್ಯಾಂಡಲ್ ಬಿಚ್ಚಿ ಹಾಕುವಾಗ ವೈರ್ ಕತ್ತರಿಸಿಬಿಟ್ಟಿದೀರ."

ಡಾಕ್ಟರು ಕಣ್ಣು ಮುಚ್ಚಿದರು. "ಮತ್ತೆ ಹೇಗೆ ಹೋದ್ರಿ?"

"ಇವರಿದ್ರಲ್ಲ ಹಿಂದೆ. ಮೊದಲನೇ ತಿರುವಲ್ಲಿ ಲಾರಿ ಎದುರಿಗೆ ಬಂತು, ಇವರೇ ಜೋರಾಗಿ 'ಸರೀರಪ್ಪಾ' ಅಂತ ಕೂಗಿದ್ರು. ಅಲ್ಲಿಂದ ಊರು ಮುಟ್ಟೋವರೆಗೂ ಅವರೇ ಹಾರ್ನು. ದನಕ್ಕೆ ಒಂದು ಥರ, ಬಸ್ಸಿಗೆ ಒಂದು ಥರ. ಈಗ ಗಂಟಲು ಕಟ್ಟಿ ಒಂದು ಮಾತೂ ಹೊರಡ್ತಿಲ್ಲ, ಬಿಸಿನೀರು ಕುಡೀತಾ ಕೂತಿದಾರೆ."

"ಮನೆ ಹೇಗಿದೆ?"

"ಮನೆಯಾ? ಕತ್ತಲು. ಫೋಟೋದವರ ಮನೆ, ಕಿಟಕಿಗೆಲ್ಲ ಕಪ್ಪು ಬಟ್ಟೆ. ಅದನ್ನೆಲ್ಲ ಬಿಚ್ಚಿ ಲಂಗ ಹೊಲೀಬಹುದು. ಮೂರು ಗಂಟೆ ಹೊತ್ತು ಬಾಯಿ ಬಡ್ಕೊಂಡ್ರೂ ಒಂದು ಸಲವಾದ್ರೂ ನಿಧಾನ ಹೋಗಿ ಅನ್ಲಿಲ್ಲ ಕಣ್ರೀ. ಹೂಂ ಅಂದ್ಬಿಟ್ಟೆ."

ಡಾಕ್ಟರು ಏನೋ ಹೇಳಬೇಕೆಂದು ಬಾಯಿ ತೆರೆದರು. ಬಂದದ್ದು, "ಒಳ್ಳೇದಾಯ್ತು ಅತ್ತೆ," ಅಂತ. ಅದು ನಿಜವೂ ಆಗಿತ್ತು, ಸುಳ್ಳೂ ಆಗಿತ್ತು. ಅತ್ತೆ ಬುಧವಾರ ಬರುತ್ತೇನೆ, ಬಂದ ಮೇಲೆ ಉಳಿದ ಮಾತು ಅಂತ ಹೇಳಿ ಫೋನಿಟ್ಟರು.

"ಏನಂತೆ?" ಅಂದಳು ಹೆಂಡತಿ.

"ಹೂಂ ಅಂದ್ರಂತೆ. ನಾನು ಹಾರ್ನ್ ಕೆಡಿಸಿದ್ದಕ್ಕೆ."

ಹೆಂಡತಿ ಪೂರ್ತಿ ಕತೆ ಕೇಳಿದಳು. ನಡುನಡುವೆ, "ಯಾವ ಲಾರಿ? ಎಷ್ಟು ಹತ್ತಿರ?" ಅಂತ ಠಾಣೆಯ ದನಿಯಲ್ಲೇ ವಿಚಾರಿಸಿದಳು. ಎಲ್ಲ ಮುಗಿದ ಮೇಲೆ ಇದ್ದಕ್ಕಿದ್ದ ಹಾಗೆ ಬೆಂಚಿನ ಮೇಲೆ ಕೂತು, ನಕ್ಕಳೋ ಅತ್ತಳೋ ಹೇಳುವುದು ಕಷ್ಟ. ಎರಡಕ್ಕೂ ಮೂಗು ಒರೆಸಿಕೊಂಡಳು.

ಕ್ಲಿನಿಕ್ಕಿನ ನೆಲದ ಮೇಲೆ ಬೈಕು ನಿಂತ ಜಾಗದಲ್ಲಿ ಎಣ್ಣೆಯ ಕರೆ ಬಿದ್ದಿತ್ತು. ಸೋಮವಾರ ರೋಗಿಗಳು ಬರುವ ಮೊದಲು ಹೋಗಬೇಕು. ಡಾಕ್ಟರು ಬಕೆಟ್ ತಂದು ಮಂಡಿಯೂರಿ ಉಜ್ಜತೊಡಗಿದರು. ಸ್ವಲ್ಪ ಹೊತ್ತಿಗೆ ಹೆಂಡತಿಯೂ ಇನ್ನೊಂದು ಬಟ್ಟೆ ಹಿಡಿದು ಎದುರಿಗೆ ಕೂತಳು.

"ಅಮ್ಮನ ರೂಮ್ ಏನ್ ಮಾಡೋಣ?" ಅಂದಳು.

"ಏನೂ ಮಾಡೋದು ಬೇಡ. ಹಾಗೇ ಇರ್ಲಿ. ಜಗಳ ಆಡ್ಕೊಂಡು ವಾಪಸ್ ಬಂದ್ರೆ?"

"ಒಳ್ಳೇ ಆಸೆ ಕಣ್ರೀ ನಿಮ್ದು," ಅಂದ ಹೆಂಡತಿ, ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಹಿಂಡಿ ಮತ್ತೆ ಉಜ್ಜತೊಡಗಿದಳು. "ಇಲ್ಲಿ ಇನ್ನೂ ಇದೆ, ನೋಡಿ. ಈ ಮೂಲೇಲಿ."